ತುಂಗಾ-ಭದ್ರಾ ತೀರದವರ ಸಾಗರೋತ್ತರ ಅಲೆಸವಾರಿ: ಒಂದು ಬಹುಶಿಸ್ತೀಯ ಅನುಸಂಧಾನ (ಸಂಪುಟ ಒಂದು, ಬಹುಶಃ ಕೊನೆಯದೂ ಅದೇ)

ಪೀಠಿಕೆ

ಶಿವಮೊಗ್ಗ ನಗರ ಮತ್ತು ಭದ್ರಾವತಿ ಎಂಬ ಎರಡು ಒಳನಾಡು ನಗರ-ಸಂಕಥನಗಳ ಹಿನ್ನೆಲೆಯಲ್ಲಿ, ಸಾಗರೋತ್ತರ ಅಲೆಸವಾರಿ ಎಂಬ ದೇಹಕೇಂದ್ರಿತ ಚಲನಶೀಲ ಆಚರಣೆಯ ತಾತ್ವಿಕ ನೆಲೆಗಳನ್ನು ಜಾಗತೀಕರಣೋತ್ತರ ಪರಿಪ್ರೇಕ್ಷ್ಯದಲ್ಲಿ ಮುಖಾಮುಖಿಯಾಗಿಸಿ ಮರುನಿರ್ವಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುತ್ತದೆ. ಅಂದರೆ, ನಮ್ಮೂರ ಹುಡುಗರು ಸರ್ಫಿಂಗ್ ಮಾಡಲು ಬಾಲಿಗೆ ಹೋಗಿ ಬರುತ್ತಿದ್ದಾರೆ, ಅದರ ಬಗ್ಗೆ ಬರೆಯುತ್ತೇನೆ. ಹೀಗೆ ನೇರವಾಗಿ ಹೇಳಿದರೆ ಪ್ರಮಾಣಪತ್ರ ಕೊಡುವುದಿಲ್ಲ.

ಪ್ರಮಾಣಪತ್ರದ ವಿಷಯ ಬಂದಿದ್ದರಿಂದ ಈ ಅಧ್ಯಯನದ ಪ್ರೇರಣೆಯನ್ನೂ ದಾಖಲಿಸಬೇಕು. ಹೆಸರು ಬೇಡದ ಒಂದು ಕಾಲೇಜಿನಲ್ಲಿ ಎರಡು ದಿನಗಳ ಅಂತರರಾಷ್ಟ್ರೀಯ ವಿಚಾರ ಸಂಕಿರಣವಿತ್ತು. ಅಂತರರಾಷ್ಟ್ರೀಯ ಏಕೆಂದರೆ ದುಬೈನಿಂದ ಒಬ್ಬರು ಪರದೆಯ ಮೇಲೆ ಬಂದು, ಧ್ವನಿ ಬರದೆ, ಕೈಬೀಸಿ ಹೋದರು. ವಿಷಯ ನದಿ ಸಂಸ್ಕೃತಿ. ಹತ್ತೂವರೆಯ ಉದ್ಘಾಟನೆ ಹನ್ನೆರಡೂಕಾಲಿಗೆ ಶುರುವಾಗಿ, ಹಾರ, ಶಾಲು, ಸ್ಮರಣಿಕೆಗಳ ಹೊಳೆ ಹರಿದ ಮೇಲೆ ವಿದ್ವಾಂಸರೊಬ್ಬರು ನದಿಯನ್ನು "ದ್ರವರೂಪಿ ಪಠ್ಯ" ಎಂದು ಕರೆದು ಮುಕ್ಕಾಲು ಗಂಟೆ ಓದಿದರು. ತುಂಗೆ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಹರಿಯುತ್ತಿದ್ದಳು. ಒಬ್ಬರೂ ಎದ್ದು ಹೋಗಿ ನೋಡಲಿಲ್ಲ. ಎರಡನೇ ದಿನ ಯುವ ಸಂಶೋಧಕರೊಬ್ಬರು ತಮ್ಮ ಬಾಲಿ ಪ್ರವಾಸದ ಫೋಟೊಗಳನ್ನು ತೋರಿಸುತ್ತ "ಅಲೆಯ ಮೇಲೆ ನಿಲ್ಲುವುದು ಅಸ್ಮಿತೆಯ ಪುನರ್‌ರಚನೆ" ಎಂದರು. ಫೋಟೊದಲ್ಲಿ ಅವರು ನಿಂತಿರಲಿಲ್ಲ. ಎರಡು ಕಾಲು ಮಾತ್ರ ನೀರಿನ ಮೇಲಿದ್ದವು. ಅಂದೇ ಈ ಪ್ರಬಂಧಕ್ಕೆ ಸಂಕಲ್ಪವಾಯಿತು.

ಅಧ್ಯಾಯ 1: ಸಮುದ್ರವಿಲ್ಲದ ಊರಿನ ಸಾಗರಪ್ರಜ್ಞೆ

ಶಿವಮೊಗ್ಗಕ್ಕೂ ಸಮುದ್ರಕ್ಕೂ ಏನು ಸಂಬಂಧ ಎಂಬ ಬಾಲಿಶ ಪ್ರಶ್ನೆಯನ್ನು ಮೊದಲು ನಿವಾರಿಸೋಣ. ರೈಲು ನಿಲ್ದಾಣದ ಹಳದಿ ಫಲಕ ನೋಡಿ. ಊರಿನ ಹೆಸರಿನ ಕೆಳಗೇ ಸಮುದ್ರ ಮಟ್ಟದಿಂದ ನಾವೆಷ್ಟು ಎತ್ತರದಲ್ಲಿದ್ದೇವೆ ಎಂದು ಬರೆದಿದೆ. ಅಂದರೆ ಊರಿಗೆ ಕಾಲಿಡುವವನಿಗೆ ನಮ್ಮ ಮೊದಲ ಪರಿಚಯವೇ ಸಮುದ್ರದ ಮೂಲಕ. ಇನ್ನು ಮಳೆಗಾಲದಲ್ಲಿ ಜಿಲ್ಲೆಯ ಪತ್ರಿಕೆಗಳ ಮುಖಪುಟದ ಚೌಕ: ಲಿಂಗನಮಕ್ಕಿ, ಗರಿಷ್ಠ ಮಟ್ಟ 1819 ಅಡಿ. ಭದ್ರಾ, ಗರಿಷ್ಠ ಮಟ್ಟ 186 ಅಡಿ. ಅಂಕಿಗಳನ್ನು ನೋಡಿ ಲಿಂಗನಮಕ್ಕಿ ಭದ್ರೆಯ ಹತ್ತುಪಟ್ಟು ಎತ್ತರವೆಂದು ನಂಬಿ ಬದುಕಿದವರು, ಬದುಕಿ ಸತ್ತವರು ನಮ್ಮಲ್ಲಿದ್ದಾರೆ. ನಿಜಸಂಗತಿಯೆಂದರೆ ಭದ್ರೆಯನ್ನು ಅಣೆಕಟ್ಟೆಯ ಬುಡದಿಂದ ಅಳೆಯುತ್ತಾರೆ, ಲಿಂಗನಮಕ್ಕಿಯನ್ನು ಸಮುದ್ರ ಮಟ್ಟದಿಂದ. ಅಂದಮೇಲೆ ಶಿವಮೊಗ್ಗದ ಓದುಗ ಬೆಳಗಿನ ಕಾಫಿ ಹೀರುತ್ತಲೇ ಒಂದು ಕಣ್ಣು ಸಮುದ್ರದ ಮೇಲಿಟ್ಟಿರುತ್ತಾನೆ. ಇಂಥ ಪ್ರಜ್ಞೆ ಮಲ್ಪೆಯವರಿಗೂ ಇರಲಾರದು.

ಅದೂ ಸಾಲದಿದ್ದರೆ ಒಲಿಂಪಿಕ್ಸ್ ನೋಡಿ. 2024ರದ್ದು ಪ್ಯಾರಿಸ್ ಒಲಿಂಪಿಕ್ಸ್. ಅದರ ಸರ್ಫಿಂಗ್ ಸ್ಪರ್ಧೆ ನಡೆದದ್ದು ಪೆಸಿಫಿಕ್ ಸಾಗರದ ತಹೀತಿ ದ್ವೀಪದ ತಿಯಾಹುಪೋದಲ್ಲಿ, ಪ್ಯಾರಿಸ್ಸಿನಿಂದ 15 ಸಾವಿರ ಕಿಲೋಮೀಟರಿಗೂ ದೂರ. ಪ್ಯಾರಿಸ್ಸಿಗೆ ಅಷ್ಟು ದೂರದ ಕಡಲು ತನ್ನದಾಗಬಹುದಾದರೆ, ಆಗುಂಬೆ ಘಾಟಿಯ 14 ತಿರುವು ಇಳಿದರೆ ಸಿಗುವ ಕಡಲು ಶಿವಮೊಗ್ಗದ್ದು ಏಕಲ್ಲ? ಜರ್ಮನಿಯ ಮ್ಯೂನಿಕ್ ಕೂಡ ನಮ್ಮಂತೆಯೇ ಒಳನಾಡು. ಅಲ್ಲಿ ಊರ ನಡುವಿನ ಐಸ್‌ಬಾಕ್ ಎಂಬ ಕಾಲುವೆಯಲ್ಲಿ ಸೇತುವೆಯ ಬುಡಕ್ಕೆ ಒಂದು ಅಲೆ ನಿಂತಲ್ಲೇ ನಿಂತಿರುತ್ತಿತ್ತು. ಜನ ಹಲಗೆ ಹಿಡಿದು ದಡದ ಮೇಲೆ ಸರದಿ ನಿಲ್ಲುತ್ತಿದ್ದರು. 2025ರಲ್ಲಿ ಕಾಲುವೆಯ ವಾರ್ಷಿಕ ಹೂಳು ತೆಗೆದ ಮೇಲೆ ಆ ಅಲೆಯೇ ಮಾಯವಾಗಿ ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ಈ ಅಪಾಯ ನಮಗಿಲ್ಲ. ನಾವು ಹೂಳು ತೆಗೆಯುವುದಿಲ್ಲ.

ಅಧ್ಯಾಯ 2: ದೂರಸಾಗರ ನ್ಯಾಯ

ಇಲ್ಲಿಂದ ಪ್ರಬಂಧದ ಮೂಲ ಪ್ರಮೇಯ. ಶಿವಮೊಗ್ಗದಿಂದ ಮೂಲ್ಕಿಗೆ ಸುಮಾರು 180 ಕಿಲೋಮೀಟರು. ಮೂಲ್ಕಿ ಎಂದರೆ ಭಾರತದ ಸರ್ಫಿಂಗಿನ ತವರು. ಅಮೆರಿಕದಿಂದ ಬಂದು ಸನ್ಯಾಸಿಯಾದ ಜ್ಯಾಕ್ ಹೆಬ್ನರ್ ಅಲ್ಲಿನ ಆಶ್ರಮದಲ್ಲಿ 2004ರಲ್ಲೇ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದರು. ಅವರನ್ನು ಜನ ಸರ್ಫಿಂಗ್ ಸ್ವಾಮಿ ಎಂದೇ ಕರೆಯುತ್ತಿದ್ದರು. ಶಾಂಭವಿ, ನಂದಿನಿ ಹೊಳೆಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ನಡೆಯಿತು. ಮೂಲ್ಕಿಯ ತನ್ವಿ ಜಗದೀಶ್ ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಸ್ಪರ್ಧೆಗಳಿಗಾಗಿ ದೇಶವಿದೇಶ ಸುತ್ತಿದರು. ಕೋವಳಂನಲ್ಲಿ ಅಲೆ ಹತ್ತಲು ಕಲಿತು ಕರ್ನಾಟಕದ ಹೆಸರಿನಲ್ಲಿ ಆಡುವ ರಮೇಶ್ ಬುದಿಹಾಳ್ 2025ರಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದರು.

ಇಷ್ಟೆಲ್ಲ ಬಗಲಲ್ಲಿದ್ದೂ ನಮ್ಮ ವಿನೋಬನಗರದ ಹುಡುಗ ಬೆಂಗಳೂರಿಗೆ ಹೋಗಿ, ವಿಮಾನ ಹತ್ತಿ, ಇನ್ನೆಲ್ಲೋ ಇಳಿದು ಮತ್ತೊಂದು ಹತ್ತಿ, ಬಾಲಿಯ ಕುತಾ ಬೀಚಿನಲ್ಲಿ ಬೀಳುತ್ತಾನೆ. ಇದನ್ನು ಶೋಕಿ ಎಂದು ಕರೆಯುವುದು ಸಂಶೋಧನಾ ವಿಧಾನಕ್ಕೆ ಒಗ್ಗದ ಮಾತು. ಇದಕ್ಕೆ ಭೌಗೋಳಿಕ ಪೂರ್ವನಿದರ್ಶನವಿದೆ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟಿದವರೆಂಬ ನಂಬಿಕೆಯಿದೆ. ಘಟ್ಟ ಇಳಿದರೆ ಕಡಲು. ನೇತ್ರಾವತಿ ಹಾಗೆಯೇ ಇಳಿದು ಮಂಗಳೂರು ಸೇರಿಬಿಟ್ಟಳು. ನಮ್ಮವರಿಬ್ಬರು ಮಾತ್ರ ಹತ್ತಿರದ ಅರಬ್ಬಿ ಸಮುದ್ರಕ್ಕೆ ಬೆನ್ನು ತಿರುಗಿಸಿ, ಕೂಡ್ಲಿಯಲ್ಲಿ ಒಂದಾಗಿ, ಹೊಸಪೇಟೆ ಹಾದು, ಕೃಷ್ಣೆಯನ್ನು ಹಿಡಿದು, ಇಡೀ ದಕ್ಷಿಣ ಭಾರತವನ್ನು ಅಡ್ಡ ದಾಟಿ ಬಂಗಾಳ ಕೊಲ್ಲಿಗೇ ಹೋಗಬೇಕು. ಮನೆ ಹಿಂದಿನ ಸಮುದ್ರ ಸಮುದ್ರವೇ ಅಲ್ಲವೆಂಬ ಈ ತತ್ತ್ವಕ್ಕೆ ಪ್ರಸ್ತುತ ಪ್ರಬಂಧಕಾರನು "ದೂರಸಾಗರ ನ್ಯಾಯ" ಎಂದು ನಾಮಕರಣ ಮಾಡಿರುತ್ತಾನೆ. ಆ ನೀರು ಕುಡಿದು ಬೆಳೆದವರು ಇನ್ನೇನು ಮಾಡಿಯಾರು?

ಪ್ರತಿವಾದಿಗಳು ಶರಾವತಿಯನ್ನು ಎತ್ತಿ ತೋರಿಸಬಹುದು. ಆಕೆ ಪಶ್ಚಿಮಕ್ಕೇ ಹರಿದಳಲ್ಲ ಎನ್ನಬಹುದು. ಹರಿದಳು. ಹತ್ತಿರದ ಸಮುದ್ರಕ್ಕೆ ಹೊರಟವಳಿಗೆ ಏನಾಯಿತೆಂಬುದನ್ನೂ ನೋಡಬೇಕು. ಜೋಗದ ಕೆಳಗೆ 1948ರಿಂದ ಟರ್ಬೈನಿಗೆ ಕಟ್ಟಿದೆವು. 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಡ್ಡ ಹಾಕಿದೆವು. ಜಿಲ್ಲೆಯ ಊರೂರೇ ಮುಳುಗಿದವು. ಮುಳುಗಿದ ಊರಿನವರು ನಾಡಿಗೆ ದೀಪ ಕೊಟ್ಟು, ತಾವು ಗುಡ್ಡದ ಮೇಲೆ ಹಕ್ಕುಪತ್ರವಿಲ್ಲದೆ ಮೊಮ್ಮಕ್ಕಳನ್ನು ಕಂಡರು. ಹಿನ್ನೀರಿನ ಆಚೆ ದಡದವರು ಲಾಂಚಿಗೆ ಕಾದು ಕಾದು, ಸಿಗಂದೂರಿನ ಸೇತುವೆ ಕಂಡದ್ದು 2025ರ ಜುಲೈನಲ್ಲಿ. ನೀರಿನ ಮೇಲೆ ನಿಲ್ಲುವುದು ಹೇಗೆಂದು ಅವರನ್ನು ಸಂಕಿರಣಕ್ಕೆ ಕರೆದು ಯಾರೂ ಕೇಳಲಿಲ್ಲ.

ಇದು ವಿಷಯಾಂತರ. ಪ್ರಬಂಧಕ್ಕೆ ಮರಳೋಣ.

ಅಧ್ಯಾಯ 4: ಪೂರ್ವಸೂರಿಗಳು ಮತ್ತು ವರ್ಗೀಕರಣ (ಸಮಯದ ಅಭಾವದಿಂದ ಮೂರನೇ ಅಧ್ಯಾಯವನ್ನು ಓದಿದಂತೆ ಭಾವಿಸಲಾಗಿದೆ)

ಸರ್ಫಿಂಗಿನ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಹವಾಯಿಯ ಜನ ತಲೆಮಾರುಗಳಿಂದ ಅಲೆಯ ಮೇಲೆ ಆಡುತ್ತಿದ್ದರು. 1779ರಲ್ಲಿ ನಾವಿಕ ಕುಕ್‌ನ ಹಡಗಿನವರು ನೋಡಿ ಬೆರಗಾಗಿ ಬರೆದಿಟ್ಟರು. ಆಮೇಲೆ ಬಂದ ಪಾದ್ರಿಗಳು, ಇದೆಲ್ಲ ಮೈಗಳ್ಳರ ಕೆಲಸ ಎಂದು ಮೂಗು ಮುರಿದರು. ಅಷ್ಟಾದರೂ ಆಟ ಸಾಯಲಿಲ್ಲ. ಈಜಿನಲ್ಲಿ 1912ರ ಒಲಿಂಪಿಕ್ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹನಮೋಕು 1914ರ ಕೊನೆಗೆ ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿನವರಿಗೆ ಅಲೆಯೇರುವುದನ್ನು ತೋರಿಸಿದ. ಸರ್ಫಿಂಗಿಗಾಗಿ ಕಡಲು ದಾಟಿದವರಲ್ಲಿ ನಮ್ಮ ಪತ್ತೇದಾರಿ ಕಾದಂಬರಿಗಳ ಅಗಾಥಾ ಕ್ರಿಸ್ಟಿಯೂ ಒಬ್ಬಳು. 1922ರಲ್ಲಿ ಗಂಡನ ಜತೆ ಲೋಕ ಸುತ್ತಲು ಹೊರಟವಳು ದಕ್ಷಿಣ ಆಫ್ರಿಕದಲ್ಲಿ ಹಲಗೆ ಹಿಡಿದು, ಹೊನೊಲುಲುವಿನಲ್ಲಿ ಎದ್ದು ನಿಂತಳು. ಹವಳದ ಬಂಡೆಗೆ ಕಾಲು ಕೊಯ್ಯಿಸಿಕೊಂಡಳು, ರೇಷ್ಮೆಯ ಈಜುಡುಗೆಯನ್ನು ಅಲೆಗೆ ಹರಿಸಿಕೊಂಡಳು. ಅದನ್ನು ಅಸ್ಮಿತೆ ಎನ್ನದೆ ಕಾಲು ಕೊಯ್ಯಿತು, ಬಟ್ಟೆ ಹರಿಯಿತು ಎಂದೇ ಬರೆದಳು. ದೊಡ್ಡ ಲೇಖಕಿ ಎನ್ನುವುದು ಸುಮ್ಮನೆ ಅಲ್ಲ.

ಶಿವಮೊಗ್ಗ-ಭದ್ರಾವತಿಯ ಸಾಗರೋತ್ತರ ಅಲೆಸವಾರರನ್ನು ಏಳು ವರ್ಗಗಳಾಗಿ ವಿಂಗಡಿಸಲಾಗಿದೆ.

ಮೊದಲನೆಯದು ಸಂಚಿತರಜಾವಲಂಬಿ. ಈತನಿಗೆ ಮಾರ್ಚ್ ಮುಗಿಯುವುದರೊಳಗೆ ಕಂಪನಿಯ ರಜೆ ಮುಗಿಸಬೇಕು. ಶ್ರೀಲಂಕಾ ಅಗ್ಗವೆಂದು ವೆಲಿಗಾಮಕ್ಕೆ ಹೋಗುತ್ತಾನೆ. ಈತನ ವಿವೇಕವನ್ನು ಒಪ್ಪಬೇಕು. ವೆಲಿಗಾಮದ ತಳ ಬಹುಪಾಲು ಮರಳು, ಅಲೆ ಸಾಧು. ನವೆಂಬರಿನಿಂದ ಏಪ್ರಿಲ್‌ವರೆಗೆ ಆ ದ್ವೀಪದ ದಕ್ಷಿಣ ತೀರ ಒಳ್ಳೆಯದು, ಆಮೇಲೆ ಪೂರ್ವದ ಅರುಗಂ ಬೇ. ಇದನ್ನು ತಿಳಿಯದೆ ಜುಲೈನಲ್ಲಿ ವೆಲಿಗಾಮಕ್ಕೆ ಹೋದವರು ಲಾಡ್ಜಿನಲ್ಲಿ ಕೂತು ಮಳೆ ನೋಡಿ ಬಂದಿದ್ದಾರೆ. ಅದಕ್ಕೆ ತೀರ್ಥಹಳ್ಳಿ ಸಾಕಿತ್ತು.

ಎರಡನೆಯದು ನವದಾಂಪತ್ಯಜಲಾರೋಹಿ. ಮದುವೆಯಾದ ಹದಿನೈದು ದಿನದೊಳಗೆ ಬಾಲಿ. ಇಳಿದ ಕೂಡಲೇ ವೀಸಾಕ್ಕೆ ತಲಾ 5 ಲಕ್ಷ ರುಪಿಯಾ ಕಟ್ಟಬೇಕೆಂದು ಗೊತ್ತಾದಾಗ ಗಂಡನ ಮುಖ ಬಿಳಿಚುತ್ತದೆ. ಅದು ಇಂಡೊನೇಷ್ಯದ ರುಪಿಯಾ, ನಮ್ಮ ಲೆಕ್ಕದಲ್ಲಿ ಕೆಲವು ಸಾವಿರ ಎಂದು ಹೆಂಡತಿ ಸಮಾಧಾನ ಹೇಳುತ್ತಾಳೆ. ಸಂಸಾರ ಯಾರು ನಡೆಸುತ್ತಾರೆಂಬುದು ಅಲ್ಲೇ ನಿರ್ಧಾರವಾಗುತ್ತದೆ. 2024ರಿಂದ ಅದರ ಮೇಲೆ ಪ್ರವಾಸಿ ಶುಲ್ಕವೆಂದು ಇನ್ನೂ ಒಂದೂವರೆ ಲಕ್ಷ. ಮೊದಲ ದಿನ ತರಬೇತಿದಾರ ಮರಳಿನ ಮೇಲೆ ಬೋರಲು ಮಲಗಿಸಿ, ಅಂಗೈ ಊರಿ ಚಿಮ್ಮಿ ಎದ್ದು ನಿಲ್ಲುವುದನ್ನು ಮಾಡಿಸುತ್ತಾನೆ. ಮರಳಿನ ಮೇಲೆ ಎಲ್ಲರೂ ನಿಲ್ಲುತ್ತಾರೆ.

ಮೂರನೆಯದು ಕಂಪನಿಪ್ರೇಷಿತ. ಆಸ್ಟ್ರೇಲಿಯ, ಕ್ಯಾಲಿಫೋರ್ನಿಯ. ಈತನ ಬಗ್ಗೆ ವಿಶೇಷವೇನಿಲ್ಲ. ನೀರು ತಣ್ಣಗೆ ಕೊರೆಯುತ್ತದೆ, ರಬ್ಬರಿನ ದಿರಿಸು ಹಾಕಲು ಅರ್ಧ ಗಂಟೆ, ತೆಗೆಯಲು ಮುಕ್ಕಾಲು ಗಂಟೆ.

ನಾಲ್ಕನೆಯದು... ಇರಲಿ. ಉಳಿದ ನಾಲ್ಕನ್ನು ಓದುಗರೇ ಮಾಡಿಕೊಳ್ಳಬಹುದು. ಏಳು ಎಂದದ್ದು ಸಂಖ್ಯೆ ಚೆನ್ನಾಗಿದೆ ಎಂದು. ವರ್ಗೀಕರಣಗಳ ಬಗ್ಗೆ ಪ್ರಬಂಧಕಾರನ ಗೌರವ ಇತ್ತೀಚೆಗೆ ಕುಸಿದಿದೆ.

ಅಧ್ಯಾಯ 5: ಅಲೆಮೀಮಾಂಸೆ

ಅಲೆ ಎಂದರೇನು? ಎಲ್ಲೋ ಗಾಳಿ ನೀರನ್ನು ತಿಕ್ಕುತ್ತದೆ. ಗಾಳಿ ಎಷ್ಟು ಜೋರು, ಎಷ್ಟು ಹೊತ್ತು, ಎಷ್ಟು ಉದ್ದದ ಬಯಲು ನೀರಿನ ಮೇಲೆ ಬೀಸಿತು ಎಂಬ ಮೂರರ ಮೇಲೆ ಅಲೆಯ ಯೋಗ್ಯತೆ ನಿಂತಿದೆ. ಸಾವಿರಾರು ಕಿಲೋಮೀಟರ್ ದಾಟಿ ಬರುವುದು ನೀರಲ್ಲ, ಶಕ್ತಿ. ನೀರು ಇದ್ದಲ್ಲೇ ಸುತ್ತು ಹಾಕಿ ಸುಮ್ಮನಾಗುತ್ತದೆ. ದಡದ ಹತ್ತಿರ ಆಳ ಕಡಿಮೆಯಾದಾಗ ಅಲೆಯ ಬುಡ ನಿಧಾನವಾಗುತ್ತದೆ, ತಲೆ ಮುಂದೋಡುತ್ತದೆ, ಮುಗ್ಗರಿಸಿ ಮುರಿಯುತ್ತದೆ. ಆ ಮುರಿಯುವ ಕ್ಷಣಕ್ಕೆ ಚೂರು ಮೊದಲು ಹಲಗೆಯ ಮೇಲೆ ಎದ್ದರೆ ಸರ್ಫಿಂಗ್. ಚೂರು ತಡವಾದರೆ ಪ್ರವಾಸಕಥನ.

ಬಾಲಿಯ ಉಲುವಾಟುವಿಗೆ ಬರುವ ದೊಡ್ಡ ಅಲೆಗಳು ಹುಟ್ಟುವುದು ಹಿಂದೂ ಮಹಾಸಾಗರದ ತೀರ ದಕ್ಷಿಣದ ಬಿರುಗಾಳಿಗಳಲ್ಲಿ. ಆ ದಕ್ಷಿಣ ಸಾಗರದ ಅಲೆಗಳೇ ಸೊರಗಿ ಸೊರಗಿ ನಮ್ಮ ಕರಾವಳಿಗೂ ಬಂದು ತಟ್ಟುತ್ತವೆ. ಬಾಲಿಯಷ್ಟು ದೊಡ್ಡವಲ್ಲ, ಒಪ್ಪಿದೆ. ಬಾಲಿಯಷ್ಟು ಕಲಾತ್ಮಕವಾಗಿ ಸುರುಳಿ ಸುತ್ತುವುದಿಲ್ಲ, ಅದನ್ನೂ ಒಪ್ಪಿದೆ. ಆದರೆ ಹೊಸದಾಗಿ ಕಲಿಯುವವನು ಬೀಳುವುದಕ್ಕೆ ಸಸಿಹಿತ್ಲುವಿನ ಅಲೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ. ಬಿದ್ದ ಮೇಲೆ ಮೀನೂಟವೂ ಸಿಗುತ್ತದೆ.

ಅಲೆಯಲ್ಲಿ ಹಕ್ಕಿನ ಪ್ರಶ್ನೆಯೂ ಇದೆ. ಅಲೆ ಎಲ್ಲಿ ಮೊದಲು ಮುರಿಯುತ್ತದೋ ಅದಕ್ಕೆ ತೀರ ಹತ್ತಿರ ಇರುವವನದೇ ಆ ಅಲೆ. ಅಡ್ಡ ನುಗ್ಗಿದವನಿಗೆ ಬೈಗುಳ, ಒಮ್ಮೊಮ್ಮೆ ಏಟು. ವಿದೇಶಗಳಲ್ಲಿ ಇದನ್ನು ಸ್ಥಳೀಯರಿಂದ ಬೈಸಿಕೊಂಡೇ ಕಲಿಯಬೇಕಾಗುತ್ತದೆ ಎಂದು ಮಾಹಿತಿದಾರರು ಕಣ್ಣಗಲಿಸಿ ಹೇಳುತ್ತಾರೆ. ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಶಿವಮೊಗ್ಗ ಬಸ್ಸು ಒಳಗೆ ತಿರುಗುವಾಗಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರಿಗೆ ಈ ಶಾಸ್ತ್ರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಅಧ್ಯಾಯ 6: ಕ್ಷೇತ್ರಕಾರ್ಯ

ಕ್ಷೇತ್ರಕಾರ್ಯಕ್ಕೆ ಆಯ್ದುಕೊಂಡದ್ದು ಭದ್ರಾವತಿಯ ಪೇಪರ್ ಟೌನಿನ ಒಂದು ಮನೆ. ಮಾಹಿತಿದಾರ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಬಾಲಿಗೆ ಹೋಗಿ, ಅಲ್ಲೇ ಒಂದು ಹಳೇ ಸರ್ಫ್ ಬೋರ್ಡು ಕೊಂಡು, ಅದರ ಬೆಲೆಯಷ್ಟೇ ಹಣವನ್ನು ವಿಮಾನದ ಹೆಚ್ಚುವರಿ ಲಗೇಜಿಗೆ ಕಟ್ಟಿ, ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಊರಿಗೆ ತಂದ. ಡಿಕ್ಕಿಯಲ್ಲಿ ಅದು ಹಿಡಿಸಲಿಲ್ಲ. ಕಂಡಕ್ಟರಿಗೂ ಅವನಿಗೂ ನಡೆದ ಮಾತು ಇದು:

"ಏನ್ರೀ ಇದು, ಇಸ್ತ್ರಿ ಟೇಬಲ್ಲಾ?"

"ಅಲ್ಲ ಸಾರ್, ಸರ್ಫ್ ಬೋರ್ಡು."

"ಸರ್ಫ್ ಅಂದ್ರೆ ಬಟ್ಟೆ ಒಗೆಯೋ ಪುಡಿ ಅಲ್ವೇನ್ರಿ?"

"ಇದು ಸಮುದ್ರದ್ದು ಸಾರ್. ಅಲೆ ಮೇಲೆ ನಿಂತ್ಕೊಳ್ಳೋದು."

"ಭದ್ರಾವತಿಲಿ?"

ಈ ಕೊನೆಯ ಪ್ರಶ್ನೆಗೆ ಮಾಹಿತಿದಾರನ ಬಳಿ ಉತ್ತರವಿರಲಿಲ್ಲ. ಲಗೇಜು ಟಿಕೆಟು ಕೊಟ್ಟು ಹಲಗೆಯನ್ನು ಹಿಂದಿನ ಸೀಟಿನ ಉದ್ದಕ್ಕೂ ಮಲಗಿಸಿದರು. ಅದು ನಿದ್ದೆ ಮಾಡಿತು, ಈತ ನಿಂತುಕೊಂಡು ಬಂದ. ಅಲೆಯ ಮೇಲೆ ಅಷ್ಟು ಹೊತ್ತು ಅವನು ಎಂದೂ ನಿಂತಿರಲಿಲ್ಲ.

ಏರಿಳಿತಗಳನ್ನು ವಿವರಿಸಿ ಎಂದು ಪ್ರಶ್ನಾವಳಿ ಕೊಟ್ಟಾಗ ಮಾಹಿತಿದಾರ ಸಿದ್ಧ ಉತ್ತರಗಳನ್ನು ಬದಿಗಿಟ್ಟು ಹೇಳಿದ್ದು ಹೀಗೆ. ಮೊದಲ ಎರಡು ದಿನ ತೋಳೆತ್ತಿ ತಲೆ ಬಾಚಲೂ ಆಗಲಿಲ್ಲ, ನೀರನ್ನು ಕೈಯಲ್ಲಿ ತಳ್ಳಿ ತಳ್ಳಿ ಭುಜ ಸತ್ತಿತ್ತು. ಹಲಗೆಗೆ ಎದೆ ಉಜ್ಜಿ ಮೊಲೆತೊಟ್ಟು ಹಸಿಯಾಗಿ ಅಂಗಿ ತಾಕಿದರೆ ಉರಿ. ಬೆನ್ನಿನ ಚರ್ಮ ಈರುಳ್ಳಿ ಸಿಪ್ಪೆ. ಸಾಯಂಕಾಲ ಹೋಟೆಲಿನಲ್ಲಿ ನಾಲ್ಕು ಜನರ ಎದುರು ಅನ್ನದ ತಟ್ಟೆಗೆ ಬಗ್ಗಿದಾಗ, ಬೆಳಗಿನಿಂದ ತಲೆಬುರುಡೆಯೊಳಗೆ ಕೂತಿದ್ದ ಸಮುದ್ರ ಒಮ್ಮೆಲೇ ಮೂಗಿನಿಂದ ಸುರಿಯಿತು. "ಆದ್ರೆ ಐದನೇ ದಿನ ಒಂದು ಅಲೆ ಸಿಕ್ತು ನೋಡಿ ಸಾರ್," ಅಂದ. ಆಮೇಲೆ ಕೈಯನ್ನು ಗಾಳಿಯಲ್ಲಿ ಹೀಗೆ ಜಾರಿಸಿ ತೋರಿಸಿ ಸುಮ್ಮನಾದ. ಸಂಕಿರಣದಲ್ಲಿ ಎರಡು ದಿನ ಕೇಳಿದ್ದಕ್ಕಿಂತ ಆ ಕೈಯಲ್ಲಿ ಹೆಚ್ಚು ವಿಷಯವಿತ್ತು. ಇದನ್ನು ಪ್ರಬಂಧಕಾರ ಪ್ರಾಮಾಣಿಕವಾಗಿ ದಾಖಲಿಸುತ್ತಾನೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ.

ಹಲಗೆ ಈಗ ಮನೆಯ ತಾರಸಿಯ ಮೇಲಿದೆ. ಅವನ ತಾಯಿ ಅದರ ಮೇಲಿನ ಮೇಣವನ್ನು ತೆಂಗಿನ ಚಿಪ್ಪಿನಲ್ಲಿ ಕೆರೆದು, ಬಿಸಿನೀರು ಹುಯ್ದು ತಿಕ್ಕಿ, ಹಳೇ ಪಂಚೆ ಹಾಸಿ ಸಂಡಿಗೆ ಇಡುತ್ತಾರೆ. "ಏನೇ ಹೇಳಿ, ನೆಲದ ಮೇಲೆ ಇಟ್ಟ ಹಾಗಲ್ಲ ಇದು, ಇರುವೆ ಬರಲ್ಲ," ಅಂದರು.

ತಂದೆ ಊರಿನ ಕಾಗದದ ಕಾರ್ಖಾನೆ ಎಂಪಿಎಂನಲ್ಲಿದ್ದವರು. ಮಗ ಲ್ಯಾಪ್‌ಟಾಪಿನಲ್ಲಿ ಬೀಳುವ ವಿಡಿಯೊ ತೋರಿಸುತ್ತಿದ್ದ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಬಿದ್ದೆ ಅಲ್ವೇನೋ ಇಲ್ಲಿ?"

"ಹೂಂ ಅಪ್ಪ."

"ಇಲ್ಲೂ ಬಿದ್ದೆ."

"ಬೀಳೋದೇ ಅದರಲ್ಲಿ ಮುಖ್ಯ ಅಪ್ಪ. ಬೀಳೋದನ್ನ ಕಲೀಬೇಕು ಅಂತಾರೆ."

"ಯಾರು ಅಂತಾರೆ?"

ಅಧ್ಯಾಯ 7: ಬೀಳುವಿಕೆಯ ಸಂಕಥನ

ಆ ಕೊನೆಯ ಪ್ರಶ್ನೆಯನ್ನು ಪ್ರಬಂಧಕಾರ ಮನೆಗೆ ಹೊತ್ತು ತಂದಿದ್ದಾನೆ. ಯಾರು ಅನ್ನುತ್ತಾರೆ? ಬೀಳುವುದು ಕಲಿಕೆ, ಬೀಳುವುದು ಬಿಡುಗಡೆ, ಬೀಳುವುದೇ ದರ್ಶನ ಎಂದು ಹೇಳುವವರು ಯಾರೆಂದರೆ ಹೋಗುವ ಟಿಕೆಟ್ಟಿನ ಜತೆ ಬರುವ ಟಿಕೆಟ್ಟನ್ನೂ ತೆಗೆಸಿಕೊಂಡವರು. ಕಾಲಿಗೆ ಹಗ್ಗ ಕಟ್ಟಿಕೊಂಡಿರುತ್ತಾರೆ, ಬಿದ್ದರೂ ಹಲಗೆ ತೇಲುತ್ತ ಕೈಗೆ ಬರುತ್ತದೆ. ಭದ್ರಾವತಿಗೆ ಆ ಹಗ್ಗ ಇರಲಿಲ್ಲ.

1918ರಲ್ಲಿ, ಬೆಂಕೀಪುರವೆಂದು ಕರೆಯುತ್ತಿದ್ದ ಊರಿನಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ಕಟ್ಟಲು ಶುರು ಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಭದ್ರೆಯ ನೀರು. 1923ಕ್ಕೆ ಕುಲುಮೆ ಹೊತ್ತಿತು. 1936ರಲ್ಲಿ ಕಾಗದದ ಕಾರ್ಖಾನೆ ಬಂತು. ನ್ಯೂಟೌನ್, ಪೇಪರ್ ಟೌನ್ ಎಂದು ಎರಡು ಊರೊಳಗಿನ ಊರುಗಳಾದವು. ರಾಜ್ಯದ ಪತ್ರಿಕೆಗಳು ಭದ್ರಾವತಿಯ ಕಾಗದದ ಮೇಲೆ ಅಚ್ಚಾದವು. 1998ರಲ್ಲಿ ಉಕ್ಕಿನ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರದಲ್ಲಿ ಲೀನವಾಯಿತು, ಇನ್ನು ಚಿಂತೆಯಿಲ್ಲ ಎಂದರು. ಕಾಗದದ ಯಂತ್ರಗಳು 2015ರಲ್ಲಿ ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಗೇಟಿನ ಎದುರು ಪೆಂಡಾಲು ಹಾಕಿ ಕೂತರು. ಮುಚ್ಚುವುದಿಲ್ಲ ಎಂದರು, ತೆರೆಯುತ್ತೇವೆ ಎಂದರು, ಬಂಡವಾಳ ಬರುತ್ತದೆ ಎಂದರು. ಪ್ರತಿ ಚುನಾವಣೆಗೆ ಒಂದು ಭರವಸೆ ಏರುತ್ತದೆ. ಇಳಿಯುವುದನ್ನು ಯಾರೂ ವಿಡಿಯೊ ಮಾಡುವುದಿಲ್ಲ.

ಸ್ವಯಂ ನಿವೃತ್ತಿ ತೆಗೆದುಕೊಂಡು ಆ ದುಡ್ಡಿನಲ್ಲಿ ಮಗನನ್ನು ಎಂಜಿನಿಯರಿಂಗ್ ಓದಿಸಿದವರು ಆ ಹುಡುಗನ ಮನೆಯವರೊಬ್ಬರೇ ಅಲ್ಲ. ಕ್ವಾರ್ಟರ್ಸಿನ ಸಾಲುಗಳಲ್ಲಿ ನಡೆಯಿರಿ. ಹೆಂಚು ಕುಸಿದ ಮನೆ, ಗೋಡೆಯಲ್ಲಿ ಆಲದ ಸಸಿ ಎದ್ದ ಮನೆ, ನಡುವೆ ಒಂದು ಮನೆಯಲ್ಲಿ ಮಾತ್ರ ರಂಗೋಲಿ. ಗೇಟಿನ ಹತ್ತಿರ ಒಬ್ಬರು ಹಿರಿಯರು ಸಿಕ್ಕಿದರು. ಮಗ ಸಿಡ್ನಿ, ಮಗಳು ಡಲ್ಲಾಸ್. ಯಾವ ಸಾಗರೋತ್ತರ ಅಧ್ಯಯನವೂ ಇವರನ್ನು ಮಾಹಿತಿದಾರರೆಂದು ಪರಿಗಣಿಸುವುದಿಲ್ಲ. ಇವರು ಎಲ್ಲಿಗೂ ಹೋಗಿಲ್ಲವಲ್ಲ.

ನದಿಯ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ಗಂಗಾ ಸ್ನಾನ, ತುಂಗಾ ಪಾನ ಎಂದು ಹೇಳಿಕೊಂಡು ಬೆಳೆದವರು ನಾವು. ಸ್ಮಾರ್ಟ್ ಸಿಟಿಯ ದುಡ್ಡಿನಲ್ಲಿ ತುಂಗೆಯ ದಂಡೆಗೆ ಕಲ್ಲು ಹಾಸಿ, ದೀಪ ಹಾಕಿ, ಬೆಂಚು ಇಟ್ಟಿದ್ದಾರೆ. ಬೆಂಚಿನ ಮೇಲೆ ಕೂತು ನೋಡಿದರೆ ಊರಿನ ಚರಂಡಿ ನೀರು ಹೊಳೆಗೆ ಸೇರುವುದು ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. 2024ರ ನವೆಂಬರಿನಲ್ಲಿ ಒಂದಿಷ್ಟು ಜನ ಶೃಂಗೇರಿಯಿಂದ ಗಂಗಾವತಿಯ ಕಡೆಗೆ ನದಿ ಉಳಿಸಿ ಎಂದು ಕಾಲ್ನಡಿಗೆಯಲ್ಲಿ ಹೊರಟರು. ಅವರನ್ನು ನೋಡಿ ಕೈಮುಗಿದೆವು, ಮಜ್ಜಿಗೆ ಕೊಟ್ಟೆವು, ಮನೆಗೆ ಬಂದು ಬಚ್ಚಲಿನ ನೀರನ್ನು ಅದೇ ಹೊಳೆಗೆ ಬಿಟ್ಟೆವು.

ಇನ್ನೂ ಒಂದು. ಪ್ರತಿ ಬೇಸಿಗೆಯಲ್ಲಿ ಜಿಲ್ಲೆಯ ಪತ್ರಿಕೆಗಳಲ್ಲಿ ಒಂದೇ ಸುದ್ದಿ: ಈಜಲು ಹೋದ ಬಾಲಕರು ನೀರುಪಾಲು. ತುಂಗೆಯಲ್ಲಿ, ಭದ್ರೆಯಲ್ಲಿ, ನಾಲೆಯಲ್ಲಿ, ಕೆರೆಯಲ್ಲಿ. ಹದಿಮೂರು, ಹದಿನಾಲ್ಕು ವಯಸ್ಸು. ದಡದಲ್ಲಿ ಚಪ್ಪಲಿ ಜೋಡಿ ನೋಡಿ ಗುರುತು ಹಿಡಿಯುತ್ತಾರೆ. ಮಾರನೇ ದಿನ ಅಲ್ಲೊಂದು ತಗಡಿನ 'ಅಪಾಯ' ಫಲಕ ನೆಡುತ್ತಾರೆ. ಹಲವು ನದಿ, ದೊಡ್ಡ ದೊಡ್ಡ ಅಣೆಕಟ್ಟು, ಲೆಕ್ಕವಿಲ್ಲದಷ್ಟು ಕೆರೆಯಿರುವ ಜಿಲ್ಲೆಯಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಈಜು ಕಲಿಸಬೇಕು ಎಂದು ನಮಗೆ ಯಾರಿಗೂ ಹೊಳೆಯುವುದಿಲ್ಲ. ಬಾಲಿಯಲ್ಲಿ ಐವತ್ತು ದಾಟಿದ ಪ್ರವಾಸಿಯ ಪಕ್ಕ ಸೊಂಟದಾಳದ ನೀರಿನಲ್ಲೂ ಒಬ್ಬ ತರಬೇತಿದಾರ ನಿಂತಿರುತ್ತಾನಂತೆ. ಇಲ್ಲಿ ಮಗುವಿನ ಪಕ್ಕ ತಗಡು. ನದಿ ದ್ರವರೂಪಿ ಪಠ್ಯವಂತೆ! ಯಾರ ಮನೆಯ ಮಗು ಅದನ್ನು ಓದಲು ಹೋಗಿ ಬರಲಿಲ್ಲ ಎಂದು ಆ ಮಹಾನುಭಾವರು ಒಮ್ಮೆಯಾದರೂ ಪತ್ರಿಕೆ ಬಿಡಿಸಿ ನೋಡಲಿ.

ಉಪಸಂಹಾರದ ಬದಲು: ಮುಂದಿನ ಸಂಶೋಧನೆಗೆ ಇರುವ ಅವಕಾಶಗಳು

ಪ್ರಬಂಧದ ಧಾಟಿ ಕೆಟ್ಟಿದೆ ಎಂದು ಗೊತ್ತಿದೆ. ಸರಿಪಡಿಸಿಕೊಂಡು ಕೆಲವು ವಿಷಯಗಳನ್ನು ಸೂಚಿಸಬಹುದು.

ಮಳೆಗಾಲದಲ್ಲಿ ಗಾಜನೂರಿನ ಅಣೆಕಟ್ಟೆಯ ಗೇಟು ತೆಗೆದಾಗ ಶಿವಮೊಗ್ಗದ ಜನ ಸೇತುವೆಯ ಮೇಲೆ ನಿಂತು, ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತೇ ಎಂದು ಬಗ್ಗಿ ನೋಡುತ್ತಾರೆ. ಮಂಟಪ ಮುಳುಗಿದರೆ ತುಂಗೆ ತುಂಬಿದಳೆಂದು ಲೆಕ್ಕ. ಮಳೆಯಲ್ಲಿ ಕೊಡೆ ಹಿಡಿದು, ಮೆಕ್ಕೆಜೋಳ ತಿನ್ನುತ್ತ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ನೀರು ನೋಡುವ ಈ ಜನಕ್ಕೆ ಅಲೆ ನೋಡಲು ಯಾವ ವೀಸಾ ಬೇಕಿತ್ತೆಂಬುದನ್ನು ಯಾರಾದರೂ ಪರಿಶೀಲಿಸಬೇಕು. ಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಭದ್ರಾವತಿಯಲ್ಲಿ ಹೊಸ ಸೇತುವೆ ಮುಳುಗಿ ಹಳೇ ಸೇತುವೆ ಮಾತ್ರ ಏಕೆ ಮೇಲೆ ಉಳಿಯುತ್ತದೆ ಎಂಬುದು ಕೂಡ ಪಿಎಚ್.ಡಿ.ಗೆ ಯೋಗ್ಯ ವಿಷಯ. ಆದರೆ ಮಾರ್ಗದರ್ಶಕರು ಸಿಗುವುದು ಕಷ್ಟ, ಗುತ್ತಿಗೆದಾರರು ಮಾತ್ರ ಸಿಗುತ್ತಾರೆ.

ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕುವೆಂಪು ಹೆಸರಿದೆ, ಕಟ್ಟಡ ಕಮಲದ ಆಕಾರದಲ್ಲಿದೆ. ಅಲ್ಲಿಂದ ನೇರ ಬಾಲಿಗೆ ಹಾರುವ ದಿನ ಬಂದರೆ ಈ ಪ್ರಬಂಧವನ್ನು ಪರಿಷ್ಕರಿಸಲಾಗುವುದು.

ಅಲ್ಲಿಯವರೆಗೆ ನಿಜಕ್ಕೂ ಅಲೆಯ ಮೇಲೆ ನಿಲ್ಲುವ ಆಸೆಯಿರುವವರಿಗೆ, ಜಾರ್ಗನ್ ಬಿಟ್ಟು ಹೇಳುವುದಾದರೆ: ಮೊದಲು ಈಜು ಕಲಿಯಿರಿ. ಮಳೆಗಾಲದ ಅರಬ್ಬಿ ಸಮುದ್ರ ಹೊಸಬರನ್ನು ಸೇರಿಸುವುದಿಲ್ಲ, ಅಕ್ಟೋಬರ್ ಕಳೆಯಲಿ. ಬೆಳಗಿನ ಜಾವ ಐದಕ್ಕೆ ಶಿವಮೊಗ್ಗ ಬಿಟ್ಟರೆ ಆಗುಂಬೆ ಇಳಿದು, ಉಡುಪಿಯಲ್ಲಿ ತಿಂಡಿ ತಿಂದು, ಹೊತ್ತು ಏರುವ ಮೊದಲೇ ಮೂಲ್ಕಿ. ತರಬೇತಿದಾರರಿದ್ದಾರೆ, ಹಲಗೆ ಬಾಡಿಗೆಗೆ ಸಿಗುತ್ತದೆ, ಬೈಗುಳ ತುಳುವಿನಲ್ಲಿರುವುದರಿಂದ ಅರ್ಥವಾಗುವುದಿಲ್ಲ. ಭದ್ರಾವತಿಯವರು ಹಲಗೆಯನ್ನು ಬಾಡಿಗೆಗೂ ತೆಗೆದುಕೊಳ್ಳಬೇಕಿಲ್ಲ, ಪೇಪರ್ ಟೌನಿನಲ್ಲಿ ಒಂದಿದೆ, ಸಂಡಿಗೆ ಒಣಗಿದ ಮೇಲೆ ಕೇಳಿದರೆ ಕೊಟ್ಟಾರು. ಹೊರಡುವ ಮುನ್ನ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆಯೇ ಎಂದು ತೀರ್ಥಹಳ್ಳಿಯಲ್ಲಿ ಯಾರಿಗಾದರೂ ಒಂದು ಫೋನ್ ಹಾಕಿ.